ಟರ್ಬೊ ಹೋಯ್ತು ಅನ್ನುವ ಮುಂಚೆ: ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿನ ಅಂಕಿ-ಅಂಶ, ಕಾಯಿಲೆ, ಆರೈಕೆ

"ಪಿಕಪ್ ಇಲ್ಲ, ಟರ್ಬೊ ಹೋಗಿರಬೇಕು" ಎಂದು ಗ್ಯಾರೇಜಿಗೆ ಬರುವ ಒಂದು ಲೀಟರಿನ ಪೆಟ್ರೋಲ್ ಕಾರುಗಳಲ್ಲಿ ನಿಜಕ್ಕೂ ಟರ್ಬೊ ಕೆಟ್ಟಿರುವುದು ಕಡಿಮೆ. ಹೊಗೆಯ ರಭಸಕ್ಕೆ ತಿರುಗುವ ಟರ್ಬೈನ್ ಚಕ್ರ, ಅದರ ಇನ್ನೊಂದು ತುದಿಯಲ್ಲಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಚಕ್ರ, ಇಷ್ಟೇ ಟರ್ಬೊ. ಹಾಗೆ ಒತ್ತಿದ ಗಾಳಿಯ ಹೆಚ್ಚುವರಿ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಸಡಿಲಾದ ಕ್ಲಿಪ್ಪು, ಸೀಳು ಬಿಟ್ಟ ರಬ್ಬರ್ ಪೈಪು, ಸವೆದ ಸ್ಪಾರ್ಕ್ ಪ್ಲಗ್ಗು, ಅವಧಿ ಮೀರಿದ ಆಯಿಲ್: ಹುಡುಕುತ್ತ ಹೋದರೆ ಕೈಗೆ ಸಿಗುವುದು ಇಂಥವೇ. ಟರ್ಬೊ ನಿಜವಾಗಿ ಹೋಗಿದ್ದರೂ ತಾನಾಗಿ ಹೋಗಿರುವುದು ಅಪರೂಪ. ಹೆಚ್ಚಿನ ಸಲ ಅದಕ್ಕೆ ಸರಿಯಾಗಿ ಆಯಿಲ್ ಮುಟ್ಟಿರುವುದಿಲ್ಲ. ಆದ್ದರಿಂದ ಮೊದಲು ಅಗ್ಗದ್ದನ್ನು ನೋಡಬೇಕು, ದುಬಾರಿಯದನ್ನು ಕೊನೆಗೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರಿಗೆ ಇನ್ನೊಂದು ತೊಡಕಿದೆ. ಕಾರವಾರದಿಂದ ಭಟ್ಕಳದವರೆಗೆ ಉಪ್ಪುಗಾಳಿ, ಶಿರಸಿ–ಸಿದ್ದಾಪುರದ ಕಡೆ ತಿಂಗಳುಗಟ್ಟಲೆ ಆರದ ತೇವ, ನಡುವೆ ದೇವಿಮನೆ, ಅರಬೈಲ್, ಅಣಶಿ ಘಟ್ಟಗಳ ಏರು. ಇವನ್ನೆಲ್ಲ ಲೆಕ್ಕ ಹಿಡಿದು ಕಂಪನಿಯ ಕೈಪಿಡಿ ಬರೆದವರಿಲ್ಲ. ಅದರಲ್ಲಿರುವ ಅವಧಿಗಳನ್ನು ನಾವೇ ಸ್ವಲ್ಪ ಮೊಟಕು ಮಾಡಿಕೊಳ್ಳಬೇಕು.

ನಿಮ್ಮ ಬಾನೆಟ್ ಕೆಳಗೆ ಇರುವುದು ಯಾವುದು?

ಇಲ್ಲಿ ಹೆಚ್ಚಾಗಿ ಕಾಣುವ ಎಂಜಿನ್ನುಗಳು ಕೆಲವೇ. ಹ್ಯುಂಡೈ ವೆನ್ಯೂ ಮತ್ತು ಐ20ಯಲ್ಲಿರುವ ಕಪ್ಪಾ ಟಿ-ಜಿಡಿಐ 998 ಸಿಸಿಯದು. 120 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 1500ರಿಂದ 4000 ಆರ್‌ಪಿಎಂವರೆಗೆ 172 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ (ಆರ್‌ಪಿಎಂ ಎಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್ ಮತ್ತು ಸ್ಕೋಡಾ ಕುಶಾಕ್, ಸ್ಲಾವಿಯಾಗಳ 1.0 ಟಿಎಸ್‌ಐ 999 ಸಿಸಿ, 115 ಪಿಎಸ್, 178 ನ್ಯೂಟನ್ ಮೀಟರ್. ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ 998 ಸಿಸಿ, 100 ಪಿಎಸ್, ಸುಮಾರು 148 ನ್ಯೂಟನ್ ಮೀಟರ್. ಟಾಟಾ ನೆಕ್ಸಾನ್‌ನ ರೆವೊಟ್ರಾನ್ 1199 ಸಿಸಿ, 120 ಪಿಎಸ್, 170 ನ್ಯೂಟನ್ ಮೀಟರ್. ನಿಸ್ಸಾನ್ ಮ್ಯಾಗ್ನೈಟ್ ಮತ್ತು ರೆನೋ ಕೈಗರ್‌ಗಳದ್ದು 999 ಸಿಸಿ, 100 ಪಿಎಸ್. ಮ್ಯಾನುವಲ್ ಗೇರಿನಲ್ಲಿ 160, ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರಿನಲ್ಲಿ 152 ನ್ಯೂಟನ್ ಮೀಟರ್. ಮಹೀಂದ್ರಾ ಎಕ್ಸ್‌ಯುವಿ300ರ 1197 ಸಿಸಿ ಎಂಜಿನ್ 110 ಪಿಎಸ್ ಕೊಟ್ಟರೂ ಟಾರ್ಕ್ ಮಾತ್ರ 200. ಎಲ್ಲವೂ ಮೂರು ಸಿಲಿಂಡರಿನವು. ಐಡಲ್‌ನಲ್ಲಿ ಸೀಟು, ಸ್ಟಿಯರಿಂಗ್ ಸ್ವಲ್ಪ ನಡುಗುವುದು ಇವುಗಳ ಹುಟ್ಟುಗುಣ, ಕಾಯಿಲೆಯಲ್ಲ. ನಡುಕ ಮೊದಲಿಗಿಂತ ಜಾಸ್ತಿಯಾದರೆ ಎಂಜಿನ್ ಮೌಂಟ್ ನೋಡಿಸಿ.

ಈ ಅಂಕಿಗಳಲ್ಲಿ ಘಟ್ಟದವರು ನೋಡಬೇಕಾದದ್ದು ಪಿಎಸ್ ಅಲ್ಲ, ಟಾರ್ಕ್ ಎಷ್ಟು ಆರ್‌ಪಿಎಂಗೆ ಸಿಗುತ್ತದೆ ಎಂಬುದು. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ ತನ್ನ 110–115 ನ್ಯೂಟನ್ ಮೀಟರ್ ಪೂರ್ತಿ ಕೊಡುವುದು 4000 ಆರ್‌ಪಿಎಂ ದಾಟಿದ ಮೇಲೆ. ಟರ್ಬೊದವುಗಳಲ್ಲಿ ಹೆಚ್ಚಿನವು ಅದರ ಸುಮಾರು ಒಂದೂವರೆ ಪಟ್ಟನ್ನು 1800–2000ಕ್ಕೇ ಕೊಡುತ್ತವೆ. ಎತ್ತರದ ಲೆಕ್ಕದಲ್ಲೂ ಲಾಭವಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಾರವಾರಕ್ಕಿಂತ ಹೆಚ್ಚುಕಡಿಮೆ ಶೇ. 7 ಕಡಿಮೆ. ಸಾದಾ ಎಂಜಿನ್ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಸ್ವಲ್ಪ ಜೋರಾಗಿ ತಿರುಗಿ ಆ ಕೊರತೆ ತುಂಬಿಕೊಳ್ಳುತ್ತದೆ.

ಇನ್ನೊಂದು ವಿಂಗಡಣೆ ಇದಕ್ಕಿಂತ ಮುಖ್ಯ, ಯಾಕೆಂದರೆ ಕಾಯಿಲೆಗಳು ಅದರ ಪ್ರಕಾರವೇ ಬೇರೆಯಾಗುತ್ತವೆ. ಕಪ್ಪಾ, ಟಿಎಸ್‌ಐ, ಬೂಸ್ಟರ್‌ಜೆಟ್ ಎಂಜಿನ್ನುಗಳಲ್ಲಿ ಪೆಟ್ರೋಲು ನೇರ ಸಿಲಿಂಡರಿನೊಳಗೇ ಸಿಂಪಡಿಸಲ್ಪಡುತ್ತದೆ. ಇದು ಡೈರೆಕ್ಟ್ ಇಂಜೆಕ್ಷನ್. ನೆಕ್ಸಾನ್, ಮ್ಯಾಗ್ನೈಟ್, ಕೈಗರ್ ಮತ್ತು 110 ಪಿಎಸ್‌ನ ಎಕ್ಸ್‌ಯುವಿ300ರಲ್ಲಿ ಇನ್‌ಟೇಕ್ ವಾಲ್ವಿನ ಹಿಂದೆ ಸಿಂಪಡಿಸುವ ಪೋರ್ಟ್ ಇಂಜೆಕ್ಷನ್. ನಿಮ್ಮದು ಯಾವುದೆಂದು ತಿಳಿದುಕೊಂಡು ಮುಂದೆ ಓದಿ.

ಘಟ್ಟ ಹತ್ತುವಾಗ ಯಾವ ಗೇರು?

ಕತಗಾಲ ದಾಟಿ ದೇವಿಮನೆ ಘಟ್ಟ ಶುರುವಾಗುತ್ತಲೇ ಮುಂದೆ ಲಾರಿ ಸಿಗುತ್ತದೆ, ವೇಗ 25ಕ್ಕೆ ಇಳಿಯುತ್ತದೆ. "ಟರ್ಬೊ ಅಲ್ವಾ, ಎಳೆಯುತ್ತೆ" ಎಂದು ಮೂರನೇ ಗೇರಿನಲ್ಲೇ 1200 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತುವವರು ಬಹಳ. ಈ ಎಂಜಿನ್ನಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಕಡಿಮೆ ಆರ್‌ಪಿಎಂ ಮತ್ತು ಪೂರ್ಣ ಭಾರ ಒಟ್ಟಿಗೆ ಸೇರಿದಾಗ, ಸಿಲಿಂಡರ್ ಗೋಡೆಯಿಂದ ಸಿಡಿದ ಆಯಿಲ್–ಪೆಟ್ರೋಲ್ ಹನಿ ಅಥವಾ ಮಸಿಯ ಚೂರು ಪ್ಲಗ್ಗು ಕಿಡಿ ಕೊಡುವ ಮೊದಲೇ ಹೊತ್ತಿಕೊಳ್ಳಬಹುದು. ಇದನ್ನು ಲೋ-ಸ್ಪೀಡ್ ಪ್ರಿ-ಇಗ್ನಿಷನ್ ಎನ್ನುತ್ತಾರೆ. ಕಿಡಿ ಹಾರಿದ ಮೇಲೆ ಉಳಿದ ಪೆಟ್ರೋಲು ಒಮ್ಮೆಲೇ ಸಿಡಿಯುವ ಸಾಮಾನ್ಯ ನಾಕಿಂಗ್‌ಗೆ ಕಂಪ್ಯೂಟರ್ ಟೈಮಿಂಗ್ (ಕಿಡಿ ಕೊಡುವ ಹೊತ್ತು) ಹಿಂದೆ ಸರಿಸಿ ಬಚಾವಾಗುತ್ತದೆ. ಇಲ್ಲಿ ಕಿಡಿಗೆ ಮೊದಲೇ ಬೆಂಕಿ ಬಿದ್ದಿರುವುದರಿಂದ ಟೈಮಿಂಗ್ ಸರಿಸಿ ಪ್ರಯೋಜನವಿಲ್ಲ. ಜೋರಾದ ಒಂದೇ ಹೊಡೆತಕ್ಕೆ ಪಿಸ್ಟನ್ನಿನ ರಿಂಗುಗಳ ನಡುವಿನ ಅಂಚು ಮುರಿಯುವುದುಂಟು.

ಏರಿನಲ್ಲಿ ಎಂಜಿನ್ 2000ರಿಂದ 3500 ಆರ್‌ಪಿಎಂ ಒಳಗಿರಲಿ. 1800ಕ್ಕಿಂತ ಕೆಳಗಿಳಿದರೆ ಮೊದಲು ಗೇರು ಇಳಿಸಿ, ಆಮೇಲೆ ಆಕ್ಸಿಲರೇಟರ್. ಹೇರ್‌ಪಿನ್ ತಿರುವಿಗೆ ಎರಡನೇ ಗೇರು, ಜನ ಮತ್ತು ಸಾಮಾನು ತುಂಬಿದ್ದರೆ ಒಂದನೆಯದಾದರೂ ಸರಿ. ಆಟೊಮ್ಯಾಟಿಕ್ ಇದ್ದವರು ಮ್ಯಾನುವಲ್ ಮೋಡ್ ಅಥವಾ ಸ್ಪೋರ್ಟ್‌ಗೆ ಹಾಕಿಕೊಳ್ಳಿ. ಡ್ರೈ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗಾಡಿಯನ್ನು ಏರಿನಲ್ಲಿ ಆಕ್ಸಿಲರೇಟರ್ ಮೇಲೆ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಒತ್ತಿ ನಿಲ್ಲಿ. ಲಾರಿ ಹಿಂದೆ ಇಂಚಿಂಚು ತೆವಳುವ ಬದಲು ಹತ್ತಿಪ್ಪತ್ತು ಮೀಟರ್ ಜಾಗ ಬಿಟ್ಟು ಒಮ್ಮೆಗೇ ಹೋಗಿ.

ಹತ್ತಿ ಮುಗಿದ ಕೂಡಲೇ ದೇವಿಗೆ ಕೈಮುಗಿಯಲೆಂದೋ ಚಹಾಕ್ಕೆಂದೋ ನಿಲ್ಲಿಸುವವರು ಕೀ ತಿರುಗಿಸುವ ಮೊದಲು 30ರಿಂದ 60 ಸೆಕೆಂಡು ಐಡಲ್ ಬಿಡಿ. ಟರ್ಬೊದ ಟರ್ಬೈನ್ ಬದಿಗೆ ಬರುವ ಹೊಗೆಯ ಶಾಖ ಪೂರ್ಣ ಭಾರದಲ್ಲಿ 900 ಡಿಗ್ರಿಯ ಸುತ್ತಮುತ್ತ. ಎಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ, ಬೇರಿಂಗಿನಲ್ಲಿ ಉಳಿದ ಆಯಿಲ್ ಅಲ್ಲೇ ಕಾದು ಗಸಿಗಟ್ಟುತ್ತದೆ. ಈಗಿನ ಟರ್ಬೊಗಳ ನಡುಭಾಗಕ್ಕೆ ಕೂಲಂಟ್ ಸುತ್ತುತ್ತದೆ, ಕೆಲವಕ್ಕೆ ಎಂಜಿನ್ ನಿಂತ ಮೇಲೂ ಓಡುವ ಎಲೆಕ್ಟ್ರಿಕ್ ಪಂಪ್ ಇದೆ. ಹಾಗಾಗಿ ಹಳೆಯ ಡೀಸೆಲ್ ಡ್ರೈವರುಗಳು ಹೇಳುವ ಐದು ನಿಮಿಷ ಬೇಡ. ಆಟೊ ಸ್ಟಾರ್ಟ್-ಸ್ಟಾಪ್ ಮಾತ್ರ ಘಟ್ಟದಲ್ಲಿ ಆಫ್ ಇರಲಿ. ಕೀ ತೆಗೆದ ಮೇಲೂ ಫ್ಯಾನ್ ಎರಡು ನಿಮಿಷ ಓಡಿದರೆ ಹೆದರಬೇಡಿ, ಅದು ಹಾಗೇ ಮಾಡಿಟ್ಟದ್ದು. ಶಿರಸಿಯಿಂದ ಕುಮಟೆಗೆ ಇಳಿದು ಬಂದಿದ್ದರೆ ಈ ಕಾಯುವಿಕೆಯೂ ಬೇಡ. ಎಂಜಿನ್ ಬ್ರೇಕಿನಲ್ಲಿ ಇಳಿಯುವಾಗ ಟರ್ಬೊ ತಾನೇ ತಣಿದಿರುತ್ತದೆ.

ಆಯಿಲ್

ಈ ಎಂಜಿನ್ನುಗಳು ಸಾಮಾನ್ಯವಾಗಿ 3.5ರಿಂದ 4.5 ಲೀಟರ್ ಆಯಿಲ್ ಹಿಡಿಯುತ್ತವೆ. ದಪ್ಪ ಎಷ್ಟಿರಬೇಕೆಂದು ಕೈಪಿಡಿ ಹೇಳುತ್ತದೆ, 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಸಾಮಾನ್ಯ. "ನಮ್ಮ ಸೆಖೆಗೆ ದಪ್ಪ ಆಯಿಲೇ ಬೇಕು" ಎಂದು 20ಡಬ್ಲ್ಯೂ-50 ಸುರಿಯುವ ಸಲಹೆ ಕಿವಿಗೆ ಹಾಕಿಕೊಳ್ಳಬೇಡಿ. ಟರ್ಬೊದ ಸಣ್ಣ ಪೈಪಿಗೆ ಅದು ಬೆಳಗಿನ ಸ್ಟಾರ್ಟಿನಲ್ಲಿ ತಡವಾಗಿ ತಲುಪುತ್ತದೆ. ಡಬ್ಬದ ಮೇಲೆ ದಪ್ಪದ ಜೊತೆಗೆ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ದರ್ಜೆ) ಎಂದಿರಬೇಕು. 2020ರಲ್ಲಿ ಬಂದ ಈ ದರ್ಜೆಗೆ ಮೇಲೆ ಹೇಳಿದ ಪ್ರಿ-ಇಗ್ನಿಷನ್ ತಡೆಯುವ ಪರೀಕ್ಷೆ ಮತ್ತು ಟೈಮಿಂಗ್ ಚೈನ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಸವೆತದ ಪರೀಕ್ಷೆ ಎರಡೂ ಇವೆ. ಹಳೆಯ ಎಸ್‌ಎನ್ ದರ್ಜೆಯ ಆಯಿಲ್ಲಿನ ಕ್ಯಾಲ್ಸಿಯಂ ಡಿಟರ್ಜೆಂಟ್ ಪ್ರಿ-ಇಗ್ನಿಷನ್ನಿಗೆ ಕುಮ್ಮಕ್ಕು ಕೊಡುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡ ಮಾತು. ಹೊಸದರಲ್ಲಿ ಅದನ್ನು ಕಡಿಮೆ ಮಾಡಿ ಮೆಗ್ನೀಸಿಯಂ ಹಾಕುತ್ತಾರೆ.

ಕಂಪನಿ 10,000 ಅಥವಾ 15,000 ಕಿ.ಮೀ. ಎನ್ನುತ್ತದೆ. ವಾರಕ್ಕೆರಡು ಸಲ ಘಟ್ಟ ಹತ್ತುವ ಕಾರಿಗೆ 7,500 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಾರವಾರ ಪೇಟೆಯೊಳಗೆ ಮನೆಯಿಂದ ಆಫೀಸಿಗೆ, ಶಾಲೆಗೆ ಎಂದು ಎರಡು–ಮೂರು ಕಿ.ಮೀ. ಮಾತ್ರ ಓಡುವ ಕಾರು ಇನ್ನೂ ಪಾಪದ್ದು. ಅದಕ್ಕೆ 5,000 ಕಿ.ಮೀ. ಅಥವಾ ಆರು ತಿಂಗಳು. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲುವುದರಿಂದ ಸುಡದ ಪೆಟ್ರೋಲು ರಿಂಗು ದಾಟಿ ಆಯಿಲ್ಲಿಗೆ ಇಳಿಯುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನವಕ್ಕೆ ಇದು ಹೆಚ್ಚು. ಮಟ್ಟ ಅಳೆಯುವ ಕಡ್ಡಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಮೇಲೇರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಇದೇ ಕತೆ. ವಾರಕ್ಕೊಮ್ಮೆ ಅಂಕೋಲೆಯವರೆಗಾದರೂ ಓಡಿಸಿ ತನ್ನಿ, ಬಿಸಿ ಆಯಿಲ್ಲಿನಿಂದ ಪೆಟ್ರೋಲು ಆವಿಯಾಗಿ ಹೋಗುತ್ತದೆ.

ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಹಾಲು ಬೆರೆಸಿದ ಚಹಾ ಬಣ್ಣದ ನೊರೆ ಕಂಡು ಗಾಬರಿಯಾಗುವವರಿದ್ದಾರೆ. ಕ್ಯಾಪಿನಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛವಿದ್ದರೆ, ಕೂಲಂಟ್ ಇಳಿಯದಿದ್ದರೆ, ಅದು ತೇವ ಗಟ್ಟಿಯಾದದ್ದಷ್ಟೇ. ಒರೆಸಿ, ದೂರ ಓಡಿಸಿ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣವಿದ್ದರೆ ಸ್ಟಾರ್ಟ್ ಮಾಡದೆ ಹೆಡ್ ಗ್ಯಾಸ್ಕೆಟ್ ಮತ್ತು ಆಯಿಲ್ ಕೂಲರ್ ನೋಡಿಸಿ.

ಹಳೆಯ ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಇಟ್ಟುಕೊಂಡವರಿಗೆ ಎರಡು ಮಾತು. ಅದರ ಟೈಮಿಂಗ್ ಬೆಲ್ಟ್ ಆಯಿಲ್ಲಿನಲ್ಲೇ ಮುಳುಗಿ ಓಡುತ್ತದೆ. ಬೇರೆ ಆಯಿಲ್ ಹಾಕಿದರೆ ಅಥವಾ ಆಯಿಲ್ಲಿಗೆ ಪೆಟ್ರೋಲು ಸೇರಿದರೆ ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿ ಮುಚ್ಚುತ್ತದೆ, ಮೊದಲು ಬಲಿಯಾಗುವುದು ಟರ್ಬೊ. ಬೆಲ್ಟ್ ಬದಲಿಗೆ ಕಂಪನಿ ಕೊಟ್ಟ ಮಿತಿ ಹತ್ತು ವರ್ಷ. ಆ ಕಾರು ಇಲ್ಲಿ ಮಾರಾಟಕ್ಕೆ ಬಂದದ್ದು 2013ರಲ್ಲಿ, ಉಳಿದ ಲೆಕ್ಕ ನೀವೇ ಮಾಡಿ. ಬೆಲ್ಟ್ ಹಾಕಿಸುವಾಗ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಇಳಿಸಿ ಜಾಲರಿ ತೊಳೆಸದಿದ್ದರೆ ಅರ್ಧ ಕೆಲಸ. ಕಪ್ಪಾ ಮತ್ತು ಬೂಸ್ಟರ್‌ಜೆಟ್‌ಗೆ ಬೆಲ್ಟ್ ಇಲ್ಲ, ಚೈನ್. ಟಿಎಸ್‌ಐಗೆ ಬೆಲ್ಟ್ ಇದೆ, ಆದರೆ ಆಯಿಲ್ಲಿನಲ್ಲಲ್ಲ, ಹೊರಗೆ ಒಣಗಿಯೇ ಓಡುವಂಥದ್ದು.

ಪ್ಲಗ್ಗು, ಕಾಯಿಲ್

ನಾಲ್ಕನೇ ಗೇರಿನಲ್ಲಿ ಓವರ್‌ಟೇಕ್ ಮಾಡಲು ಒತ್ತಿದಾಗ ಕಾರು ಜಗ್ಗಿದಂತಾಗಿ, ಚೆಕ್ ಎಂಜಿನ್ ದೀಪ ಮಿನುಗಿ, ಕಾಲು ತೆಗೆದ ಕೂಡಲೇ ಸರಿಯಾದರೆ ಹತ್ತರಲ್ಲಿ ಎಂಟು ಸಲ ಪ್ಲಗ್ಗಿನದೇ ತಕರಾರು. ಬೂಸ್ಟ್ ಬಂದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಅದಕ್ಕೇ ಟರ್ಬೊ ಎಂಜಿನ್ನಿನ ಪ್ಲಗ್ಗಿನ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಸಾದಾ ಎಂಜಿನ್ನಿನವು ಅನೇಕ 1.0–1.1 ಇರುತ್ತವೆ. ಸವೆದು ಗ್ಯಾಪ್ 0.9 ದಾಟಿದರೆ ಬೂಸ್ಟಿನಲ್ಲಿ ಕಿಡಿ ತಪ್ಪಬಹುದು. 30,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ಅಳೆಯಿರಿ, 40,000ರಿಂದ 60,000 ಒಳಗೆ ಬದಲಿಸಿ. ಇರಿಡಿಯಂ ಪ್ಲಗ್ಗಿನ ತುದಿಯನ್ನು ಫೀಲರ್ ಗೇಜಿನಿಂದ ಮೀಟಬೇಡಿ, ಮುರಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಬಿಗಿ ಮಾಡುವಾಗ ಟಾರ್ಕ್ ವ್ರೆಂಚ್ ಬೇಕು. ವಾಶರ್ ಇರುವ 12 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿಗೆ 15–20 ನ್ಯೂಟನ್ ಮೀಟರ್, 14 ಮಿ.ಮೀ.ಗೆ 25–30. ಹೆಡ್ ಅಲ್ಯೂಮಿನಿಯಂ, ಕೈಬಲ ತೋರಿಸುವ ಜಾಗವಲ್ಲ.

ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ ಸಂಶಯವಿದ್ದರೆ ಕಾಸು ಖರ್ಚಿಲ್ಲದ ಪರೀಕ್ಷೆಯಿದೆ. ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಅದರ ಕಾಯಿಲ್ ಬಿಚ್ಚಿ ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಎರಡಕ್ಕೆ. ಕೋಡ್ ಅಳಿಸಿ ಓಡಿಸಿ. ಈಗ ಪಿ0301 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಪ್ಲಗ್ಗು, ಇಂಜೆಕ್ಟರ್ ಅಥವಾ ವೈರು. ಕರಾವಳಿಯ ಕಾರುಗಳಲ್ಲಿ ಕಾಯಿಲ್ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುವುದು ಸಾಮಾನ್ಯ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ರಬ್ಬರ್ ಬೂಟಿನ ಒಳಬಾಯಿಗೆ ಬಟಾಣಿಯಷ್ಟು ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ದೀಪ ಮಿನುಗುತ್ತಿರುವಾಗ ಜೋರಾಗಿ ಓಡಿಸಬೇಡಿ. ಸುಡದ ಪೆಟ್ರೋಲು ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನೂ ಕೆಡಿಸುತ್ತದೆ.

ಗಾಳಿ ಎಲ್ಲಿ ಸೋರುತ್ತಿದೆ?

ಪಿ0299 ಬಂದರೆ ಬೇಕಾದಷ್ಟು ಬೂಸ್ಟ್ ಬರುತ್ತಿಲ್ಲ ಎಂದರ್ಥ, ಟರ್ಬೊ ಕೆಟ್ಟಿದೆ ಎಂದಲ್ಲ. ಇದೊಂದು ವ್ಯತ್ಯಾಸ ತಿಳಿಯದೆ ಸಾವಿರಗಟ್ಟಲೆ ಹಣ ಕಳೆದುಕೊಳ್ಳುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಕಂಪ್ರೆಸರಿನಿಂದ ಹೊರಟ ಗಾಳಿ ಪ್ಲಾಸ್ಟಿಕ್ ಪೈಪು, ರಬ್ಬರ್ ಬೆಂಡು, ಗಾಳಿ ತಣಿಸುವ ಇಂಟರ್‌ಕೂಲರ್, ಮತ್ತೆ ಪೈಪು, ಆಮೇಲೆ ಗಾಳಿಯ ಪ್ರಮಾಣ ಹಿಡಿಯುವ ಥ್ರಾಟಲ್ ಎಂದು ಹೋಗುತ್ತದೆ. ನಡುವೆ ಎಲ್ಲಿ ಸೋರಿದರೂ ಕೋಡ್ ಒಂದೇ.

ಕಾರಿನ ಕಂಪ್ಯೂಟರನ್ನು ಓದುವ ಬ್ಲೂಟೂತಿನ ಒಂದು ಓಬಿಡಿ ಡಾಂಗಲ್ ಮತ್ತು ಮೊಬೈಲ್ ಆಪ್ ಇದ್ದರೆ ಅರ್ಧ ರೋಗ ಮನೆಯಲ್ಲೇ ಗೊತ್ತಾಗುತ್ತದೆ. ಹೀಗೆ ಮಾಡಿ:

1. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಮ್ಯಾಪ್ ಸೆನ್ಸರಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವಂಥದ್ದು) ಒತ್ತಡ ಓದಿ. ಆಗ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. ಕಾರವಾರದಲ್ಲಿ 100 ಕಿಲೊಪ್ಯಾಸ್ಕಲ್ ಆಸುಪಾಸು, ಶಿರಸಿಯಲ್ಲಿ 94ರ ಹತ್ತಿರ ಇರಬೇಕು. ಕಾರವಾರದಲ್ಲಿ ನಿಂತು 88 ಎಂದರೆ ಸೆನ್ಸರೇ ಸುಳ್ಳು ಹೇಳುತ್ತಿದೆ, ಮುಂದಿನ ಪರೀಕ್ಷೆಗೆ ಅರ್ಥವಿಲ್ಲ.

2. ಎಂಜಿನ್ ಬಿಸಿಯಾದ ಮೇಲೆ, ಏಸಿ ಆಫ್ ಮಾಡಿ, ಐಡಲ್‌ನಲ್ಲಿ ಓದಿ. 30ರಿಂದ 40 ಸರಿ. 50 ದಾಟಿದರೆ ಥ್ರಾಟಲಿನ ಆಚೆ, ಮ್ಯಾನಿಫೋಲ್ಡ್ ಬದಿಗೆ ಗಾಳಿ ಒಳನುಗ್ಗುತ್ತಿರಬಹುದು. ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲಿನಲ್ಲಿ ಮಾಡುವ ಹೆಚ್ಚುಕಡಿಮೆ) ಕೂಡ ಧನ 10 ಪ್ರತಿಶತ ಮೀರಿದ್ದರೆ ಆ ಸಂಶಯ ಗಟ್ಟಿ.

3. ಹೆದ್ದಾರಿಯಲ್ಲಿ ಖಾಲಿ ನೇರ ರಸ್ತೆ ನೋಡಿ, ಮೂರನೇ ಗೇರಿನಲ್ಲಿ 1800 ಆರ್‌ಪಿಎಂನಿಂದ ಕ್ರಮೇಣ ಪೂರ್ತಿ ಒತ್ತಿ 3500ರವರೆಗೆ ಎಳೆಯಿರಿ. ಅಂಕಿ ಓದಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಎಂಜಿನ್ನಿಗೆ ತಕ್ಕಂತೆ 170ರಿಂದ 230 ಕಿಲೊಪ್ಯಾಸ್ಕಲ್‌ವರೆಗೆ ಏರಬೇಕು. 130–140ಕ್ಕೆ ನಿಂತುಬಿಟ್ಟರೆ ಸೋರಿಕೆ ಅಥವಾ ವೇಸ್ಟ್‌ಗೇಟ್.

ಸೋರುವ ಜಾಗ ಹುಡುಕಲು ಕಣ್ಣೇ ಮೊದಲ ಉಪಕರಣ. ಎಂಜಿನ್ನಿನೊಳಗಿನ ಹಬೆಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಪಿಸಿವಿ ವಾಲ್ವಿನ ಕಡೆಯಿಂದ ಬರುವ ಆಯಿಲ್ ಹಬೆ ಪೈಪಿನೊಳಗೆ ತೆಳ್ಳಗೆ ಇದ್ದೇ ಇರುತ್ತದೆ. ಜೋಡಣೆ ಸೋರಿದರೆ ಹೊರಗೆ ಜಿಡ್ಡಿನ ಕಲೆ ಮೂಡಿ, ಅದಕ್ಕೆ ನಮ್ಮ ಕೆಂಪು ಧೂಳು ಅಂಟಿಕೊಳ್ಳುತ್ತದೆ. ಇಂಟರ್‌ಕೂಲರಿನ ಎರಡು ತುದಿ, ಥ್ರಾಟಲ್ ಬಾಯಿ, ಕಂಪ್ರೆಸರ್ ಬಾಯಿ: ಈ ನಾಲ್ಕು ಕಡೆ ಟಾರ್ಚು ಹಾಕಿ ನೋಡಿ. ರಬ್ಬರ್ ಬೆಂಡಿನ ತಳಭಾಗ ಕಣ್ಣಿಗೆ ಬೀಳುವುದಿಲ್ಲ, ಕೈಯಿಂದ ಸವರಿ ಹಿಚುಕಬೇಕು. ಸೀಳು ಅಲ್ಲೇ ಇರುತ್ತದೆ. ಕ್ಲಿಪ್ಪು ತುಕ್ಕು ಹಿಡಿದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ, ಕಡಲತಡಿಯಲ್ಲಿ ಸಾದಾ ಕ್ಲಿಪ್ಪು ಬಾಳುವುದಿಲ್ಲ. ಕಣ್ಣಿಗೆ ಸಿಗದಿದ್ದರೆ ಗ್ಯಾರೇಜಿನಲ್ಲಿ ಏರ್‌ಫಿಲ್ಟರ್ ಕಡೆಯ ಪೈಪು ಮುಚ್ಚಿ ಅರ್ಧ ಬಾರ್ ಒತ್ತಡದಲ್ಲಿ ಗಾಳಿ ತುಂಬಿ, ಸಾಬೂನು ನೀರು ಸಿಂಪಡಿಸಿ ನೋಡುತ್ತಾರೆ. ಒತ್ತಡವನ್ನು ಒಂದು ಬಾರ್‌ಗಿಂತ ಮೇಲೆ ಏರಿಸಲು ಬಿಡಬೇಡಿ, ಸೀಲುಗಳು ಹಾರುತ್ತವೆ.

ಪೈಪುಗಳೆಲ್ಲ ಸರಿಯಿದ್ದರೆ ವೇಸ್ಟ್‌ಗೇಟ್ ನೋಡಿ. ಟರ್ಬೈನಿಗೆ ಹೋಗುವ ಹೊಗೆಯನ್ನು ಅಡ್ಡದಾರಿಗೆ ಬಿಟ್ಟು ಬೂಸ್ಟ್ ಹಿಡಿತದಲ್ಲಿಡುವ ಬಾಗಿಲು ಅದು. ಅದರ ಸಲಾಕೆ ಹೊರಗೇ ಇರುವುದರಿಂದ ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಗಿಯುತ್ತದೆ. ಅರ್ಧ ತೆರೆದು ನಿಂತರೆ ಪಿ0299, ಮುಚ್ಚಿ ನಿಂತರೆ ಅತಿ ಬೂಸ್ಟಿನ ಪಿ0234. ಆಕ್ಸಿಲರೇಟರ್ ಬಿಟ್ಟ ಕ್ಷಣ 'ಚರ್ರ್' ಎಂದು ಲೋಹದ ಸದ್ದು ಬಂದರೆ ಸಲಾಕೆಯ ಬುಶ್ ಸವೆದಿದೆ. ಎಷ್ಟೋ ಸಲ ಶಾಖ ತಡೆಯುವ ಗ್ರೀಸು, ಹೊಸ ಕ್ಲಿಪ್ಪು ಇಷ್ಟರಲ್ಲೇ ಮುಗಿಯುತ್ತದೆ. ಪೂರ್ತಿ ಟರ್ಬೊ ಬದಲಿಸಬೇಕು ಎಂದು ಅಂದಾಜುಪಟ್ಟಿ ಕೈಗಿಟ್ಟರೆ ಸಲಾಕೆಯನ್ನು ಆಡಿಸುವ ಆಕ್ಚುವೇಟರ್ ಒಂದೇ ಸಿಗುತ್ತದೆಯೇ ಎಂದು ಕೇಳಿ. ಎಲೆಕ್ಟ್ರಿಕ್ ಆಕ್ಚುವೇಟರ್ ಹಾಕಿದ ಮೇಲೆ ಸ್ಕ್ಯಾನರಿನಿಂದ ಅದರ ಎರಡು ಕೊನೆಗಳನ್ನು ಕಲಿಸಬೇಕು. ಆ ಹೆಜ್ಜೆ ಬಿಟ್ಟು ಅದೇ ಕೋಡ್ ಮರುದಿನ ವಾಪಸು ಬರುವುದುಂಟು.

ಪಿಸಿವಿ ವಾಲ್ವನ್ನೂ ಇದೇ ಕೈಯಲ್ಲಿ ನೋಡಿಬಿಡಿ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ಮೆಲ್ಲಗೆ ಸಡಿಲಿಸಿ. ಸ್ವಲ್ಪ ಎಳೆತ ಇರುವುದು ಸರಿ. ಕ್ಯಾಪ್ ಬಿಡಿಸಲೇ ಕಷ್ಟವಾಗಿ ಸಿಳ್ಳೆಯ ಸದ್ದು ಬಂದರೆ ಒಳಗಿನ ರಬ್ಬರ್ ಪೊರೆ ಹರಿದಿದೆ. ಕ್ಯಾಪನ್ನು ಮೇಲಕ್ಕೆ ತಳ್ಳುವಷ್ಟು ಗಾಳಿ ಬಂದರೆ ರಿಂಗುಗಳು ಸೋತಿವೆ, ಕಂಪ್ರೆಶನ್ ಪರೀಕ್ಷೆ ಮಾಡಿಸಿ.

ಕೂಲಂಟ್

ಥರ್ಮೋಸ್ಟಾಟ್ ಗೂಡು ಈಗೆಲ್ಲ ಪ್ಲಾಸ್ಟಿಕ್. ಆರೇಳು ವರ್ಷದ ಬಿಸಿ–ತಣ್ಣಗಿಗೆ ಅದು ಸೊಟ್ಟಗಾಗಿ ಸೀಲಿನ ಅಂಚಿನಲ್ಲಿ ಒಸರುತ್ತದೆ. ಟಿಎಸ್‌ಐನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಗೂಡಿನಲ್ಲಿ ಗೇರ್‌ಬಾಕ್ಸ್ ಬದಿಗಿದ್ದು, ಅಲ್ಲಿಂದ ಸೋರುವುದು ಹೆಸರಾದ ಕಾಯಿಲೆ. ನೆಲದ ಮೇಲೆ ಹನಿ ಕಾಣುವುದಿಲ್ಲ, ಬಿಸಿ ಎಂಜಿನ್ ಮೇಲೇ ಒಣಗಿ ಗುಲಾಬಿ ಅಥವಾ ಬಿಳಿ ಹಕ್ಕಳೆ ಉಳಿಯುತ್ತದೆ. ತಿಂಗಳಿಗೊಮ್ಮೆ, ತಣ್ಣಗಿರುವಾಗ, ಡಬ್ಬಿಯ ಮಟ್ಟ ನೋಡಿ. ಕಡಿಮೆಯಾದರೆ ಬಾವಿ ನೀರು ಹಾಕಬೇಡಿ. ಕರಾವಳಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪಿನಂಶ ಏರುತ್ತದೆ, ಅಲ್ಯೂಮಿನಿಯಂ ರೇಡಿಯೇಟರಿಗೆ ಅದು ವಿಷ. ಡಿಸ್ಟಿಲ್ಡ್ ವಾಟರ್ ಮತ್ತು ಕೈಪಿಡಿ ಹೇಳಿದ ಕೂಲಂಟ್ ಅರ್ಧಕ್ಕರ್ಧ. ಬಣ್ಣ ಒಂದೇ ಎಂದು ಬೇರೆ ಜಾತಿಯದನ್ನು ಬೆರೆಸಬೇಡಿ. ಓಬಿಡಿಯಲ್ಲಿ ಉಷ್ಣತೆ 85ರಿಂದ 105 ಡಿಗ್ರಿ ಒಳಗಿದ್ದರೆ ನಿಶ್ಚಿಂತೆ. ಅರಬೈಲಿನ ಏರಿನಲ್ಲಿ 110 ದಾಟಿದರೆ ಏಸಿ ಆಫ್ ಮಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. 115 ಮೀರಿದರೆ ಅಥವಾ ಕೂಲಂಟ್ ಹೊರಗೆ ಉಕ್ಕುತ್ತಿದ್ದರೆ ಆಫ್ ಮಾಡಿ, ಕ್ಯಾಪ್ ಮುಟ್ಟಬೇಡಿ.

ವಾಲ್ವಿನ ಮಸಿ

ಇದು ಡೈರೆಕ್ಟ್ ಇಂಜೆಕ್ಷನ್ನಿನವರ ತಲೆನೋವು. ಪೋರ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲೇ ವಾಲ್ವನ್ನು ತೊಳೆಯುತ್ತಿರುತ್ತದೆ. ಇಲ್ಲಿ ಆ ತೊಳೆತವಿಲ್ಲ, ಪಿಸಿವಿಯಿಂದ ಬರುವ ಆಯಿಲ್ ಹಬೆ ವಾಲ್ವಿನ ಬೆನ್ನಿಗೆ ಸುಟ್ಟು ಅಂಟುತ್ತದೆ. 60,000–80,000 ಕಿ.ಮೀ. ಆಚೆ ತಣ್ಣಗಿನ ಐಡಲ್ ಒರಟಾಗಿ, ಪಿಕಪ್ ಮಂಕಾದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ನೋಡಬೇಕು. ಪೆಟ್ರೋಲ್ ಟ್ಯಾಂಕಿಗೆ ಕ್ಲೀನರ್ ಬಾಟಲಿ ಸುರಿಯುವುದು ಇದಕ್ಕೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಆ ದ್ರವ ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ. ಇಂಜೆಕ್ಟರಿಗೆ ಮಾತ್ರ ತಕ್ಕಮಟ್ಟಿಗೆ ಒಳ್ಳೆಯದು. ಸರಿಯಾದ ದಾರಿ ವಾಲ್ನಟ್ ಪುಡಿಯ ಬ್ಲಾಸ್ಟಿಂಗ್ ಅಥವಾ ದ್ರಾವಣ ಹಾಕಿ ಕೈಯಿಂದ ಉಜ್ಜುವುದು, ಅದೂ ಆ ವಾಲ್ವ್ ಪೂರ್ತಿ ಮುಚ್ಚಿರುವಾಗ. ನೆಕ್ಸಾನ್, ಮ್ಯಾಗ್ನೈಟಿನವರಿಗೆ ಸರ್ವೀಸಿನಲ್ಲಿ "ಡಿಕಾರ್ಬನ್" ಪ್ಯಾಕೇಜು ತೋರಿಸಿದರೆ ಧೈರ್ಯವಾಗಿ ಬೇಡ ಅನ್ನಬಹುದು.

ಮಳೆ, ಉಪ್ಪು, ಇಲಿ

ಮಳೆಗಾಲಕ್ಕೆ ಮುಂಚೆ ಒಂದು ಕೆಲಸ ಮಾಡಿ: ಏರ್‌ಫಿಲ್ಟರಿನ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಬಾನೆಟ್ ಎತ್ತಿ ನೋಡಿಟ್ಟುಕೊಳ್ಳಿ. ಹೆದ್ದಾರಿಯ ಕೆಳಸೇತುವೆಗಳಲ್ಲಿ ನೀರು ನಿಂತಾಗ ಚಕ್ರದ ಅರ್ಧಕ್ಕಿಂತ ಮೇಲಿದ್ದರೆ ಇಳಿಯಬೇಡಿ. ಎದುರಿನ ಬಸ್ಸಿನ ಅಲೆ ಲೆಕ್ಕಕ್ಕಿಂತ ಒಂದಡಿ ಮೇಲೆ ಬರುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರತಂದು ಪ್ಲಗ್ಗು ಬಿಚ್ಚಿ ಕ್ರ್ಯಾಂಕ್ ಮಾಡಿಸಬೇಕು, ಇಂಟರ್‌ಕೂಲರಿನ ತಳದ ಪೈಪು ಬಿಚ್ಚಿ ನೀರು ಸುರಿಸಬೇಕು. ಹೆಚ್ಚಿನ ಕಾರುಗಳಲ್ಲಿ ಬಂಪರಿನ ಹಿಂದೆ ತಗ್ಗಿನಲ್ಲಿ ಕೂತಿರುವ ಅದರ ಹೊಟ್ಟೆಯಲ್ಲಿ ನೀರು ಉಳಿದಿದ್ದರೆ ಮುಂದಿನ ಬೂಸ್ಟಿಗೆ ನೇರ ಸಿಲಿಂಡರಿಗೆ ಹೋಗುತ್ತದೆ. ಸಾದಾ ವಿಮೆಯಲ್ಲಿ ಇಂಥ ಹಾನಿಗೆ ಹಣ ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಈ ಜಿಲ್ಲೆಯಲ್ಲಿ ದಂಡವಲ್ಲ.

ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕು ಮಳೆಗಾಲದಲ್ಲಿ ಅರ್ಧಕ್ಕಿಂತ ಕಡಿಮೆ ಇರಬಾರದು. ಈಗಿನ ಪೆಟ್ರೋಲಿನಲ್ಲಿರುವ 20 ಪ್ರತಿಶತ ಎಥೆನಾಲ್ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಸಮೇತ ಬೇರ್ಪಟ್ಟು ತಳಕ್ಕಿಳಿದು ಮೊದಲು ಪಂಪಿನ ಬಾಯಿಗೇ ಬರುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನ ಹೈ ಪ್ರೆಶರ್ ಪಂಪಿಗೆ ಇದು ಆಗಿಬರುವುದಿಲ್ಲ. ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆಯಲ್ಲಿ (ರೈಲ್) ಪ್ರೆಶರ್ ಕಡಿಮೆ ಎಂಬ ಪಿ0087 ಬಂದರೆ ಪಂಪ್ ಬದಲಿಸುವ ಮೊದಲು ಗಾಜಿನ ಬಾಟಲಿಗೆ ಪೆಟ್ರೋಲು ತೆಗೆದು ಹತ್ತು ನಿಮಿಷ ಇಟ್ಟು, ತಳದಲ್ಲಿ ಬೇರೆ ಪದರ ಕಾಣುತ್ತದೆಯೇ ನೋಡಿ.

ಸಮುದ್ರದಂಚಿನಲ್ಲಿ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ಸಿಹಿನೀರಿನಿಂದ ಮುಂಭಾಗ ಮತ್ತು ತಳ ತೊಳೆಯಿರಿ. ಇಂಟರ್‌ಕೂಲರ್, ಏಸಿ ಕಂಡೆನ್ಸರಿನ ರೆಕ್ಕೆಗಳಿಗೆ ಪ್ರೆಶರ್ ಗನ್ ಹತ್ತಿರ ಹಿಡಿಯಬೇಡಿ, ಮಡಚಿಕೊಳ್ಳುತ್ತವೆ. ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟು ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕೋಡ್ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಎರಡನೇ ಸಂಶಯ ಇಲಿಯ ಮೇಲೆ. ಇಂಜೆಕ್ಟರ್ ವೈರಿನ ಕಟ್ಟು, ಎಂಜಿನ್ ಕವರಿನ ಸ್ಪಂಜು ಅದಕ್ಕೆ ಇಷ್ಟ.

ನಿಜವಾಗಿ ಟರ್ಬೊ ಹೋಗಿದ್ದರೆ

ಏರ್‌ಫಿಲ್ಟರ್ ಬದಿಯ ಪೈಪು ಬಿಚ್ಚಿ, ತಣ್ಣಗಿರುವಾಗ ಕಂಪ್ರೆಸರ್ ಚಕ್ರದ ನಡುವಿನ ನಟ್ಟನ್ನು ಬೆರಳಲ್ಲಿ ಹಿಡಿಯಿರಿ. ಅಡ್ಡಕ್ಕೆ ತುಸು ಅಲುಗಾಡುವುದು ಸಹಜ, ಆಯಿಲ್ ಬಂದಾಗ ಅದು ತುಂಬುತ್ತದೆ. ಹಿಂದೆ–ಮುಂದೆ ಎಳೆದಾಗ ಅಲುಗಾಡಿದರೆ, ಅಥವಾ ರೆಕ್ಕೆಯ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಮುಗಿಯಿತು. ಎರಡು ನಿಮಿಷ ಐಡಲ್ ಬಿಟ್ಟು ಒತ್ತಿದಾಗ ನೀಲಿ ಹೊಗೆ ಬುಗ್ಗೆಂದು ಬಂದು ಇಂಟರ್‌ಕೂಲರಿನಲ್ಲಿ ಆಯಿಲ್ ಗುಂಡಿಯಾಗಿ ನಿಂತಿದ್ದರೆ ಸೀಲು. ಆದರೆ ಘಟ್ಟವಿಳಿದು ಮೊದಲ ಸಲ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸ್ಟೆಮ್ ಸೀಲಿನ ಮೇಲೆ ಸಂಶಯಪಡಿ. ಸೀಲು ಸೋರಲು ಇನ್ನೊಂದು ಕಾರಣವೂ ಇದೆ: ಟರ್ಬೊದಿಂದ ಆಯಿಲ್ ವಾಪಸು ಇಳಿಯುವ ಪೈಪು ಕಟ್ಟಿಕೊಂಡಿದ್ದರೆ ಹೊಸ ಟರ್ಬೊ ಕೂಡ ಅದೇ ದಿನ ಹೊಗೆ ಬಿಡುತ್ತದೆ.

ಹೊಸದು ಹಾಕುವಾಗ ಮೆಕ್ಯಾನಿಕ್ಕಿಗೆ ಹೇಳಿ ಮಾಡಿಸಬೇಕಾದದ್ದು ಇಷ್ಟು. ಆಯಿಲ್ ಒಳಬರುವ ಪೈಪು ಮತ್ತು ಅದರ ನಡುವೆ ತೂತಿರುವ ಬ್ಯಾಂಜೊ ಬೋಲ್ಟು ಹೊಸದು, ಹಳೆಯದನ್ನು ತೊಳೆದು ಹಾಕುವುದು ಬೇಡ. ವಾಪಸು ಪೈಪು ಒಳಗೆ ಸ್ವಚ್ಛ. ಆಯಿಲ್ ಮತ್ತು ಫಿಲ್ಟರ್ ಎರಡೂ ಹೊಸದು. ಹಳೆಯ ರೆಕ್ಕೆ ಚೂರಾಗಿದ್ದರೆ ಇಂಟರ್‌ಕೂಲರ್ ತೊಳೆದರೆ ಸಾಲದು, ಬದಲಿಸಬೇಕು. ಗ್ಯಾಸ್ಕೆಟ್ ಜಾಗಕ್ಕೆ ಸಿಲಿಕಾನ್ ಪೇಸ್ಟ್ ಬಳಿಯಬಾರದು, ಅದರ ಚೂರು ಆಯಿಲ್ ದಾರಿಯನ್ನೇ ಮುಚ್ಚುತ್ತದೆ. ಜೋಡಿಸುವ ಮೊದಲು ಆಯಿಲ್ ತೂತಿಗೆ ಹೊಸ ಆಯಿಲ್ ಹನಿಸಿ ಚಕ್ರವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಬೇಕು. ಆಮೇಲೆ ಇಂಜೆಕ್ಟರ್ ಫ್ಯೂಸ್ ತೆಗೆದು, ಹತ್ತು ಸೆಕೆಂಡಿನಂತೆ ಮೂರು ಸಲ ಕ್ರ್ಯಾಂಕ್ ಮಾಡಿ ಆಯಿಲ್ ಪ್ರೆಶರ್ ಏರಲು ಬಿಡಬೇಕು. ಸ್ಟಾರ್ಟಾದ ಮೇಲೆ ಐದು ನಿಮಿಷ ಐಡಲ್, ರೇಸ್ ಕೊಡಬಾರದು. ಮೊದಲ 500 ಕಿ.ಮೀ.ಯಲ್ಲಿ ಎರಡು ಸಲ ಡಿಪ್‌ಸ್ಟಿಕ್ ನೋಡಿ, ಪೈಪಿನ ಕ್ಲಿಪ್ಪುಗಳನ್ನು ಒಮ್ಮೆ ಬಿಗಿ ಮಾಡಿಸಿ. ಬಿಲ್ಲು ಕೊಡುವ ಮೊದಲು ಹಳೆಯ ಟರ್ಬೊ ಕೇಳಿ ಪಡೆದು ಆಯಿಲ್ ತೂತಿನೊಳಗೆ ಟಾರ್ಚು ಬಿಡಿ: ಕರ್ರಗೆ ಗಸಿ ಕಟ್ಟಿದ್ದರೆ ಸಂಪ್ ಇಳಿಸಿ ಪಂಪಿನ ಜಾಲರಿ ನೋಡದೆ ಕಾರು ಮನೆಗೆ ತರಬೇಡಿ.